ಮಳೆ ಸುರಿಯುತ್ತಿದೆ, ನಲ್ಲಿಯಲ್ಲಿ ನೀರಿಲ್ಲ

ಹಿಂದೆ ಕೇಳುತ್ತಿರುವುದು ಮಳೆಯ ಸದ್ದು, ಮೈಕ್ ಹಾಳಾಗಿಲ್ಲ. ಭಾಗಮಂಡಲದಿಂದ ಸ್ವಲ್ಪ ಈಚೆ ನಮ್ಮ ಮನೆ. ಕಕ್ಕಡ ತಿಂಗಳು, ಅಂದರೆ ಕೊಡಗಿನ ಜಡಿಮಳೆಯ ಕಾಲ. ಕರೆಂಟ್ ಹೋಗಿ ಇವತ್ತಿಗೆ ಮೂರು ದಿನ. ನಮ್ಮ ತೋಟದ ಸಿಲ್ವರ್ ಓಕ್ ಮರವೇ ತಂತಿಯ ಮೇಲೆ ಬಿದ್ದಿದೆ. ಲೈನ್‌ಮ್ಯಾನ್ ಬಂದು ನೋಡಿ ಹೋದರು. ಈ ಗಾಳಿಯಲ್ಲಿ ಕಂಬ ಹತ್ತಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಕರೆಂಟ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೆಳಕು, ಅಲ್ವಾ? ನಾನೂ ಒಂದು ಮಳೆಗಾಲ ಎರಡು ಟಾರ್ಚು, ಒಂದು ಡಜನ್ ಮೇಣದಬತ್ತಿ ತಂದಿಟ್ಟು ಬೀಗಿದ್ದೆ. ಎರಡನೇ ದಿನ ಬೆಳಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹೊರಗೆ ಸೂರಿನಿಂದ ಧೋ ಅಂತ ಸುರಿಯುತ್ತಿದೆ, ಒಳಗೆ ಮುಖ ತೊಳೆಯಲು ನೀರಿಲ್ಲ! ಬೋರ್‌ವೆಲ್ ಪಂಪೂ ಕರೆಂಟಿನದೇ ಅನ್ನುವುದು ಆಗ ಹೊಳೆಯಿತು.

ಇನ್ವರ್ಟರ್ ಇದೆಯಲ್ಲ ಅಂತೀರಾ? 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಅವರ್ ಇರುತ್ತದೆ. 9 ವಾಟಿನ ನಾಲ್ಕು ಬಲ್ಬಿಗೆ, ಫೋನಿಗೆ ಧಾರಾಳ. ಆದರೆ 1 ಎಚ್‌ಪಿ ಮೋಟರ್ 746 ವಾಟಿನದು. ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮನೆಯ ಸಣ್ಣ ಇನ್ವರ್ಟರ್ ಕುಂಯ್ ಅಂದು ನಿಂತುಬಿಡುತ್ತದೆ. ನಾನು ಮಾಡಿ ನೋಡಿದ್ದೇನೆ, ನೀವು ಮಾಡಬೇಡಿ.

ಅದಕ್ಕೆ ಈಗ ಗಾಳಿ ಜೋರಾದರೆ ಮೊದಲ ಕೆಲಸ ಟ್ಯಾಂಕ್ ತುಂಬಿಸುವುದು. ಸೂರಿನ ಕೆಳಗೆ ಈ ಎರಡು ನೀಲಿ ಡ್ರಮ್ಮು ನೋಡಿ, ಇದು ಪಾತ್ರೆಗೆ, ಕಕ್ಕಸಿಗೆ. ಕುಡಿಯುವ ನೀರು ಮಾತ್ರ ಟ್ಯಾಂಕಿನದು, ಚೆನ್ನಾಗಿ ಕುದಿಸಿದ್ದು. ಸ್ನಾನಕ್ಕೆ ಬಚ್ಚಲೊಲೆ, ಅಮ್ಮನ ತಾಮ್ರದ ಹಂಡೆ. ಗೀಸರ್ ಬಂದಾಗ ಅದನ್ನು ಗುಜರಿಗೆ ಹಾಕೋಣ ಅಂದವಳು ನಾನೇ. ಅಮ್ಮ ಈ ಮಾತನ್ನು ದಿನಕ್ಕೊಮ್ಮೆ ನೆನಪಿಸುತ್ತಾರೆ.

ಫ್ರಿಡ್ಜ್ ಬಾಗಿಲು ತೆರೆಯದಿದ್ದರೂ ತಂಪು ನಿಲ್ಲುವುದು ಸುಮಾರು 4 ಗಂಟೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿದ ಹಂದಿಮಾಂಸಕ್ಕೆ ಆ ಚಿಂತೆಯಿಲ್ಲ. ಜನರೇಟರ್ ಇದ್ದವರು ಮಳೆಯೆಂದು ಒಳಗೆ ತರಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ.

ಬಾಗಿಲ ಹಿಂದಿನ ಈ ಚೀಲ 2018ರ ಆಗಸ್ಟ್ ಕಲಿಸಿದ್ದು. ಆ ಸಲ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಚೀಲದಲ್ಲಿ ಜಾಗದ ಕಾಗದ, ಆಧಾರ್, ಅಪ್ಪನ ಬಿಪಿ ಮಾತ್ರೆ, ಸೆಲ್ಲಿನ ರೇಡಿಯೋ. ಟವರ್ ಸತ್ತರೂ ಮಡಿಕೇರಿ ಆಕಾಶವಾಣಿ ಕೇಳಿಸುತ್ತದೆ. ಮುಚ್ಚಳದ ಮೇಲೆ ಎರಡು ನಂಬರ್: ಕರೆಂಟಿಗೆ 1912, ಜೀವಕ್ಕೆ 112.

ಹಾಂ, ಆ ಸಿಲ್ವರ್ ಓಕ್. ಏಪ್ರಿಲ್‌ನಲ್ಲೇ ಕೊಂಬೆ ಕಡಿಸೋಣ ಅಂದಿದ್ದೆ. ಮೆಣಸಿನ ಬಳ್ಳಿ ಹಬ್ಬಿದೆ, ಫಸಲು ಹಾಳಾಗುತ್ತದೆ ಅಂತ ಅಪ್ಪ ಬಿಡಲಿಲ್ಲ. ಈಗ ಬಳ್ಳಿಯೂ ಕೆಸರಲ್ಲಿದೆ. ಅಪ್ಪ ಮೂರು ದಿನದಿಂದ ಆ ಕಡೆ ಹೋಗಿಲ್ಲ.