ಮಂಜಿನ ಹೊಳೆಗೆ ಒಂದು ಸೇತುವೆ

ಕೇಳುಗರಿಗೆ ನಮಸ್ಕಾರ.

ನಾರ್ವೆಯ ಉತ್ತರದ ತುತ್ತತುದಿಯಲ್ಲಿ ತಾನಾ ಎಂಬ ನದಿಯಿದೆ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬಾಯಲ್ಲಿ ಅದು ದೇಅತ್ನು, ಅಂದರೆ ದೊಡ್ಡ ಹೊಳೆ. ಅದರ ಮೇಲಿನ ಸೇತುವೆಯ ಬಳಿ ಬೆಳೆದ ಊರಿನ ಹೆಸರೇ ತಾನಾ ಬ್ರು. ಬ್ರು ಎಂದರೆ ಸೇತುವೆ. ಸ್ಕಿಪಗುರ್ರ, ಪೋಲ್ಮಾಕ್, ಸಿರ್ಮಾದಂಥ ಸಣ್ಣ ಹಳ್ಳಿಗಳವರು ಅಂಗಡಿಗೋ ಆಸ್ಪತ್ರೆಗೋ ಹೊರಟರೆ ಈ ಸೇತುವೆಯ ನೆನಪಾಗದೆ ಇರದು. ಇದು ಮುಚ್ಚಿದರೆ ಮೇಲ್ಹರಿವಿನ, ಫಿನ್ಲೆಂಡಿನ ಉತ್ಸ್‌ಯೋಕಿಯಲ್ಲಿ 1993ರಲ್ಲಿ ಆದ ಸೇತುವೆಯೇ ಗತಿ. ಸುತ್ತು ನೂರು ಕಿಲೋಮೀಟರು ಮೀರುತ್ತದೆ.

1948ರ ತೂಗುಸೇತುವೆ ಹಳತಾಗಿ, 2020ರಲ್ಲಿ ಹೊಸದು ಬಂತು. ಉದ್ದ 260 ಮೀಟರ್. ಒಂದೇ ಗೋಪುರದಿಂದ ಇಳಿದ ಓರೆ ಉಕ್ಕಿನ ಹಗ್ಗಗಳು ಅದರಲ್ಲಿ 234 ಮೀಟರಿನ ಹಾಸನ್ನು ಹಿಡಿದಿವೆ. ಹರಿವಿನ ನಡುವೆ ಕಂಬ ನೆಡದಿರುವುದು ಅಂದಕ್ಕಲ್ಲ. ವಸಂತದಲ್ಲಿ ಒಡೆದ ಮಂಜಿನ ಹಲಗೆಗಳು ತೇಲಿಬಂದು ಕಂಬಕ್ಕೆ ತಗಲಿ ಒಂದರ ಮೇಲೊಂದು ಏರುತ್ತವೆ, ನದಿಗೆ ಅಡ್ಡಗಟ್ಟೆ ಬೀಳುತ್ತದೆ, ಹಿಂದೆ ನೀರು ಉಕ್ಕುತ್ತದೆ.

ಚಳಿಯ ಕಾಟ ಬೇರೆ. ಚಳಿಗಾಲದ ಮೈನಸ್ 35 ಡಿಗ್ರಿಯಿಂದ ಬೇಸಿಗೆಯ 25ಕ್ಕೆ ಬಂದರೆ 60 ಡಿಗ್ರಿ ವ್ಯತ್ಯಾಸ. ಇಷ್ಟುದ್ದದ ಉಕ್ಕು ಅದಕ್ಕೆ ಸುಮಾರು 19 ಸೆಂಟಿಮೀಟರ್, ಹತ್ತಿರತ್ತಿರ ಒಂದು ಗೇಣು, ಹಿಗ್ಗುತ್ತದೆ. ಅದಕ್ಕೇ ತುದಿಯಲ್ಲಿ ಬಿರುಕಿನಂಥ ಸಂದು ಬಿಡುತ್ತಾರೆ. ಆ ಸಂದಿನಲ್ಲಿ ಮರಳು, ಮಂಜು ತುಂಬಿ ಹೆಪ್ಪುಗಟ್ಟಿತೋ, ಹಿಗ್ಗಲು ಎಡೆಯಿರುವುದಿಲ್ಲ. ಹಾಸಿನ ಕೆಳಗೂ ಗಾಳಿ ಆಡುವುದರಿಂದ ದಾರಿಗಿಂತ ಮೊದಲು ಸೇತುವೆಯ ಮೇಲೆಯೇ ಮಂಜು ಕಟ್ಟಿ ಗಾಲಿ ಜಾರುತ್ತದೆ. ಕಡುಚಳಿಯಲ್ಲಿ ಮಂಜು ಕರಗಿಸುವ ಉಪ್ಪು ಕೆಲಸ ಮಾಡುವುದಿಲ್ಲ, ಮರಳನ್ನೇ ಎರಚಬೇಕು. ಸೇತುವೆ ಸೇರುವ ದಾರಿಯದು ಮತ್ತೊಂದು ತಕರಾರು: ನುಣ್ಣನೆಯ ಹೂಳುಮಣ್ಣು ಕೆಳಗಿನ ನೀರನ್ನು ಮೇಲೆಳೆದು ಮಂಜಿನ ಪದರ ಕಟ್ಟುತ್ತದೆ, ದಾರಿ ಉಬ್ಬುತ್ತದೆ. ಆ ಮಣ್ಣು ತೆಗೆದು ಜಲ್ಲಿ ತುಂಬುವುದು ಇದಕ್ಕೊಂದು ಉಪಾಯ.

ಇನ್ನು ಸೇತುವೆಯಿಂದ ದೂರದ ಹಳ್ಳಿಗಳವರಿಗೆ ಚಳಿಗಾಲದಲ್ಲಿ ಎದುರು ದಡಕ್ಕೆ ಹೆಪ್ಪುಗಟ್ಟಿದ ನದಿಯೇ ದಾರಿ. ನಡೆಯುವವರಿಗೆ 10 ಸೆಂಟಿಮೀಟರ್, ಹಿಮಬಂಡಿಗೆ 15, ಕಾರಿಗೆ 20ರಿಂದ 30 ದಪ್ಪದ ಮಂಜುಗಡ್ಡೆ ಬೇಕು. ಈ ಲೆಕ್ಕ ಗಾಜಿನಂಥ ತಿಳಿಗಡ್ಡೆಗೆ ಮಾತ್ರ. ಹಿಮ ಬೆರೆತ ಬಿಳಿಗಡ್ಡೆಯ ಬಲ ಅರ್ಧವೆಂದು ಹಿಡಿಯಿರಿ. ತೂತು ಕೊರೆದು ಅಳೆಯುವುದು ಒಂದು ಕಡೆ ಸಾಲದು. ಹೊಳೆ ತಿರುಗುವಲ್ಲಿ, ಹಳ್ಳ ಸೇರುವಲ್ಲಿ ಗಡ್ಡೆ ತೆಳು. ಕಾರು ನಿಧಾನ ಓಡಬೇಕು, ಇಲ್ಲವಾದರೆ ಅದರ ಭಾರಕ್ಕೆ ಗಡ್ಡೆಯ ಕೆಳಗೆ ಎದ್ದ ಅಲೆ ದಡದ ಬಳಿ ಗಡ್ಡೆಯನ್ನೇ ಸೀಳುತ್ತದೆ.

ಮಂಜು ಕಟ್ಟುವ ಶರತ್ಕಾಲ, ಒಡೆಯುವ ಮೇ ತಿಂಗಳು: ಆಗ ದೋಣಿಯೂ ನಡೆಯದು, ಕಾಲೂ ಊರದು. ಎದುರು ದಡದ ಮನೆಯ ಹೊಗೆ ಕಣ್ಣಿಗೆ ಕಾಣುತ್ತದೆ, ಹೋಗಬೇಕಾದರೆ ಮಾತ್ರ ಸೇತುವೆಯವರೆಗೂ ಸುತ್ತಬೇಕು.