ಸ್ಮಶಾನದ ಲೆಕ್ಕದ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಹರಿಶ್ಚಂದ್ರನ ಸತ್ಯವನ್ನು ನಾವೆಲ್ಲ ಹೊಗಳುತ್ತೇವೆ. ಆಗ ಅವನು ಮಾಡುತ್ತಿದ್ದ ಕೆಲಸ ಯಾವುದು ಅಂತ ನೆನಪಿಸಿಕೊಳ್ಳುವವರು ಕಡಿಮೆ. ಕಾಶಿಯಲ್ಲಿ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಿದ್ದ. ಬಂದ ಹೆಣಕ್ಕೆ ಇಷ್ಟು ಅಂತ ತೆರಿಗೆ ಎತ್ತುತ್ತಿದ್ದ. ಸತ್ತ ಮಗನನ್ನು ಹೊತ್ತು ಹೆಂಡತಿಯೇ ಬಂದರೂ ಬಿಡಲಿಲ್ಲ. ಕಲ್ಲೆದೆ ಅನ್ನಿ ಬೇಕಾದರೆ. ಆದರೆ ಒಡೆಯನಿಗೆ ಸಲ್ಲಬೇಕಾದ್ದಕ್ಕಿಂತ ಒಂದು ಕಾಸು ಹೆಚ್ಚು ಕೇಳಿದವನಲ್ಲ.

ಈಗ ಸ್ಮಶಾನ ನಡೆಸುವವರು ಬೇರೆ ಬೇರೆ. ಎಲ್ಲೋ ಪಾಲಿಕೆ, ಎಲ್ಲೋ ಪಂಚಾಯಿತಿ, ಚರ್ಚಿನ ಸಮಿತಿ, ಖಬರಸ್ತಾನದ ಜಮಾತು. ಎಲ್ಲರ ಮುಂದೂ ಬಂದು ನಿಲ್ಲುವ ಗಿರಾಕಿ ಒಬ್ಬನೇ: ಚೌಕಾಸಿ ಮಾಡಲಾರದವನು. ಸೌತೆಕಾಯಿಗೆ ನಾಲ್ಕು ಅಂಗಡಿ ಸುತ್ತುವ ಮನುಷ್ಯ ಇಲ್ಲಿ ಕೇಳಿದಷ್ಟು ಕೊಟ್ಟು ಕೈಮುಗಿಯುತ್ತಾನೆ.

ನಮ್ಮ ಮಾವನವರು ತೀರಿಕೊಂಡಾಗ ಕಚೇರಿಯಲ್ಲಿ ಹಣ ಕಟ್ಟಿ ರಸೀದಿ ತಗೊಂಡಿದ್ದೆವು. ಆಮೇಲೂ ಗುಂಡಿಯ ಹತ್ತಿರ ಒಬ್ಬರು, ಗೇಟಿನ ಹತ್ತಿರ ಒಬ್ಬರು ಕೈಚಾಚಿದರು. ನನಗೆ ಸಿಟ್ಟು ಬಂತು. ವಿಚಾರಿಸಿದರೆ, ಗುಂಡಿ ತೋಡಿದವರಿಗೆ ಸಂಬಳವೇ ಇಲ್ಲ; ಸತ್ತವರ ಮನೆಯವರು ಕೊಟ್ಟದ್ದೇ ಕೂಲಿ. ಆಳಿಗೆ ಸಂಬಳ ಕೊಡದೆ ಗೋಡೆಗೆ ದರಪಟ್ಟಿ ತೂಗುಹಾಕಿದರೆ ಅದು ಬರೀ ನಾಟಕ. ನನ್ನ ಸಿಟ್ಟು ಅಂದು ತಪ್ಪು ಜನರ ಮೇಲೆ ಹೋಗಿತ್ತು.

ಇನ್ನು ಸ್ಮಶಾನದಲ್ಲಿ ಸತ್ತವರ ಹೆಸರು ಬರೆದಿಡುವ ಪುಸ್ತಕದ ಮಾತು. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ 10ನೇ ಸೆಕ್ಷನ್ನು, ಸ್ಮಶಾನದ ಒಡೆಯನೋ ಕಾವಲುಗಾರನೋ ತನ್ನ ಕಡೆ ಬಂದ ಸಾವನ್ನು ರಿಜಿಸ್ಟ್ರಾರರಿಗೆ ತಿಳಿಸಬೇಕು ಅನ್ನುತ್ತದೆ. ಮರಣ ಪ್ರಮಾಣಪತ್ರ ಇಲ್ಲದೆ ವಿಧವೆಗೆ ಪಿಂಚಣಿ ಇಲ್ಲ, ಮಕ್ಕಳಿಗೆ ಖಾತೆ ಬದಲಾವಣೆ ಇಲ್ಲ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಆ ಮನೆಯವರು ತಾಲೂಕು ಕಚೇರಿಗೆ ಅಲೆಯಬೇಕು. ಹಾಗಾಗಿ ಆ ಪುಸ್ತಕ ಬರೆಯುವ ಕೈ ಅವಸರ ಮಾಡುವ ಹಾಗಿಲ್ಲ.

ವಿದ್ಯುತ್ ಚಿತಾಗಾರದಲ್ಲಿ ಅವಸರದ ಅಪಾಯ ಬೇರೆ ಥರ. ಹೆಣ ಒಳಗೆ ಹೋಗುವ ಮೊದಲು, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಅಂತ ಕೇಳಲೇಬೇಕು. ಅದರ ಬ್ಯಾಟರಿ ಬಿಸಿಗೆ ಸಿಡಿಯುತ್ತದೆ. ಒಂದು ಹೆಣ ಬೆಂದ ಮೇಲೆ ಬೂದಿಯನ್ನು ಪೂರ್ತಿ ಎಳೆದು ತೆಗೆಯದೆ ಇನ್ನೊಂದನ್ನು ತಳ್ಳಿದರೆ, ಮಡಕೆಯಲ್ಲಿ ಸಿಗುವುದು ಯಾರ ಅಸ್ಥಿ? ಮನೆಯವರಿಗೆ ಗೊತ್ತಾಗುವುದಿಲ್ಲ ನಿಜ. ಗೊತ್ತಾಗದ ಕಡೆಯೇ ನಡತೆ ನಿಲ್ಲಬೇಕಾದದ್ದು.

ಜಾತಿ ನೋಡಿ ಗೇಟು ಹಾಕುವ ಚಾಳಿಯ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು ಊರಿನ ಸುಡುಗಾಡನ್ನು ಇತರರಂತೆಯೇ ಬಳಸುವುದಕ್ಕೆ ಅಡ್ಡಬಂದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕಾಗಿ ಬಂತು ಅನ್ನುವುದೇ ನಮಗೆ ನಾಚಿಕೆ.

ಕೊರೋನಾ ಎರಡನೇ ಅಲೆಯ 2021ರ ಮೇ ತಿಂಗಳು ನೆನಪಿದೆಯಲ್ಲ? ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳ ಸಾಲು. ಹೆಣಗಳನ್ನು ರಾಶಿ ಹಾಕಬಾರದು, ಸಾಮೂಹಿಕವಾಗಿ ಸುಡಬಾರದು, ಹೂಳಬಾರದು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಲಹೆ ಹೊರಡಿಸಿದ್ದೂ ಅದೇ ತಿಂಗಳು. ಕೆಲವು ಮನೆಗಳಿಂದ ಅಸ್ಥಿ ಒಯ್ಯಲು ಯಾರೂ ಬರಲಿಲ್ಲ. ಜೂನ್ ಮೊದಲ ವಾರ ಸರ್ಕಾರವೇ ಅಂಥ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಮಳವಳ್ಳಿ ತಾಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟಿತು. ಮಂತ್ರಿಗಳು ಹೋದರು, ಪುರೋಹಿತರು ಹೋದರು, ಕ್ಯಾಮೆರಾಗಳೂ ಹೋದವು. ನನಗೆ ನೆನಪಾಗುವವರು ಮಾತ್ರ ಅದಕ್ಕೂ ಮುಂಚಿನವರು: ಹಗಲು ರಾತ್ರಿ ಒಲೆ ಆರದ ಆ ದಿನಗಳಲ್ಲಿ, ಯಾರೂ ಕೇಳಿಕೊಂಡು ಬಾರದ ಆ ಬೂದಿಯನ್ನು ಚೆಲ್ಲದೆ ಎತ್ತಿಟ್ಟವರು.

ನಮಸ್ಕಾರ.