ಕಿಡಕಿ ಇಲ್ಲದ ಮನಿಯೊಳಗ ಉಸಿರು

ಮೇ ತಿಂಗಳ ಮಧ್ಯಾಹ್ನ, ಕಲಬುರಗಿ, ಹೊರಗ 43 ಡಿಗ್ರಿ. ಬ್ರಹ್ಮಪುರದಾಗ ನಮ್ಮ ಹಾಲ್‌ನ ಕಿಡಕಿ, ಬಾಗಿಲಾ ಎಲ್ಲಾ ಮುಚ್ಚಿ ಎಸಿ ಹಾಕೀವಿ, ಒಳಗ ಐದು ಮಂದಿ. ಈ ಮೀಟರ್ ನೋಡ್ರಿ, ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಅಳೀತದ. ಮುಂಜಾನೆ ಮಾಳಗಿ ಮ್ಯಾಲ 430 ಪಿಪಿಎಂ (ಅಂದ್ರ ಗಾಳಿಯ 10 ಲಕ್ಷ ಭಾಗದಾಗ 430 ಭಾಗ) ತೋರಿಸಿತ್ತು, ಈಗ 1,900. ಎಸಿ ಗಾಳಿ ತಂಪು ಮಾಡ್ತದ ಅಷ್ಟೇ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೇ ಸುತ್ತತಿರ್ತದ. ಬಾಗಿಲಾ ತೆಗದ್ವಿ, ಸರ್ರಂತ ಇಳೀತು.

ಬಾಹ್ಯಾಕಾಶ ನಿಲ್ದಾಣದಾಗ ಯಾವ ಬಾಗಿಲಾ ತೆಗೀತೀರಿ? ಒಬ್ಬ ಮನುಷ್ಯ ದಿನಕ್ಕ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡ್ತಾನ. ಅಲ್ಲಿ ಬಿಸಿ ಗಾಳಿ ಮ್ಯಾಲೇರಂಗಿಲ್ಲ. ಫ್ಯಾನ್ ನಿಂತ್ರ ಮಲಗಿದವರ ಮೂಗಿನ ಮುಂದ ಅವರು ಬಿಟ್ಟ ಉಸಿರೇ ನಿಲ್ತದ.

ಚಂದ್ರನಿಗೆ ಹೋದ ಅಪೊಲೊ ನೌಕೆಗಳ ಕಾಲದಾಗ ಈ ಅನಿಲ ಹೀರಾಕ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿ ಇಡ್ತಿದ್ರು, ಒಮ್ಮೆ ಬಳಸಿದ್ರ ಮುಗೀತು. ಈಗ ನಿಲ್ದಾಣದಾಗ ಜಿಯೋಲೈಟ್ ಹರಳು ಅನಿಲ ಹೀರ್ಕೋತದ, ಕಾಸಿದ್ರ ಬಿಡ್ತದ. ಆದ್ರ ಅದು ನೀರಿನ ಆವಿನೇ ಮೊದಲು ಹಿಡೀತದ, ಅದಕ್ಕ ಗಾಳಿ ಒಣಗಿಸಬೇಕು, ಆಮ್ಯಾಲ ಕಾಸಬೇಕು. ಕರೆಂಟ್ ಭಾಳ ತಿಂತದ. ಇಷ್ಟೆಲ್ಲಾ ಮಾಡಿದ್ರೂ ಅಲ್ಲಿ 3,000 ಪಿಪಿಎಂ ಆಸುಪಾಸು ಇರ್ತದ. ತಲಿನೋವು ಬರ್ತದಂತ ಗಗನಯಾತ್ರಿಗಳೇ ಹೇಳ್ಯಾರ.

ನನಗ ಭಾಳ ಆಸೆ ಹುಟ್ಟಿಸಿದ್ದು ಮೆಂಬ್ರೇನ್, ಅಂದ್ರ ತೆಳು ಪೊರೆ. ಈ ಕಡೆ ಕ್ಯಾಬಿನ್ ಗಾಳಿ, ಆ ಕಡೆ ನಿರ್ವಾತ. ಡೈಆಕ್ಸೈಡ್ ದಾಟಬೇಕು, ಆಕ್ಸಿಜನ್ ಉಳೀಬೇಕು. ಆಕ್ಸಿಜನ್ 21 ಪರ್ಸೆಂಟ್ ಅದ, ಡೈಆಕ್ಸೈಡ್ ಅರ್ಧ ಪರ್ಸೆಂಟೂ ಇಲ್ಲ! ಬರೇ ತೂತಿನ ಅಳತಿ ನಂಬಿದ್ರ ಕೆಲಸ ಆಗಂಗಿಲ್ಲ.

ಅದಕ್ಕ ವಿಜ್ಞಾನಿಗಳು ನಮ್ಮ ರಕ್ತದೊಳಗಿನ ಕಿಣ್ವಕ್ಕೇ ಕೈ ಹಾಕ್ಯಾರ. ಅದರ ಹೆಸರು ಕಾರ್ಬಾನಿಕ್ ಅನ್‌ಹೈಡ್ರೇಸ್. ಪೊರೆಯ ಸಣ್ಣ ರಂಧ್ರದಾಗ ನೀರು, ಆ ನೀರಿನಾಗ ಈ ಕಿಣ್ವ. ಡೈಆಕ್ಸೈಡ್ ಒಳಗ ಬಂದ ಕೂಡ್ಲೇ ಬೈಕಾರ್ಬೊನೇಟ್ ಆಗಿ ಕರಗ್ತದ, ಆಚೆ ದಂಡಿಗೆ ಹೋಗಿ ಮತ್ತ ಅನಿಲ ಆಗಿ ಹೊರಬೀಳ್ತದ. ಕಿಣ್ವದ ಒಂದೇ ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಈ ಕೆಲಸ ಮಾಡಬಲ್ಲದು. ಆಕ್ಸಿಜನ್ ನೀರಿನಾಗ ಅಷ್ಟು ಕರಗಂಗಿಲ್ಲ, ಕಿಣ್ವ ಅದನ್ನ ಮುಟ್ಟಂಗೂ ಇಲ್ಲ. ಇದನ್ನ ಓದಿದ ದಿನ ನನಗ ನಿದ್ದಿ ಹತ್ತಲಿಲ್ರೀ. ನೀವು ಈಗ ಬಿಟ್ಟ ಉಸಿರಿನ ಹಿಂದೂ ಇದೇ ಕಿಣ್ವ ಅದ.

ತೊಡಕು ಅಂದ್ರ, ಪಕ್ಕದಾಗೇ ನಿರ್ವಾತ ಇದ್ರ ನೀರು ಉಳಿಯೋದು ಕಷ್ಟ. ನೀರು ಒಣಗಿದ್ರ ಕಿಣ್ವದ ಕೆಲಸಾನೂ ನಿಂತಂಗ. ಅದಕ್ಕ ನೀರಿನ ಬದಲು, ಹೆಚ್ಚೂಕಮ್ಮಿ ಆವಿಯೇ ಆಗದಂಥ ಅಯಾನಿಕ್ ದ್ರವ (ದ್ರವರೂಪದಾಗೇ ಇರೋ ಒಂದು ಬಗೆಯ ಲವಣ) ತುಂಬಿದ ಪೊರೆಗಳ ಮ್ಯಾಲೂ ಸಂಶೋಧನೆ ನಡದದ. ಮುಂದಿನ ವಿಡಿಯೊದಾಗ ಆ ದ್ರವದ್ದೇ ಮಾತು.